ಹಗೇವಿನ ಜೋಳ ಮತ್ತು ಬಿತ್ತನೆಯ ಬೀಜ

ತಾನು ಅರಿಯದ ವಿಷಯದಲ್ಲಿ ಮೌನವಾಗಿರುವುದೇ ವಿದ್ಯಾವಂತನ ಮೊದಲ ಲಕ್ಷಣವೆಂದು ಮಠದಲ್ಲಿ ನಮಗೆ ಪಾಠ ಹೇಳಿದ ಗುರುಗಳು ಮೇಲಿಂದ ಮೇಲೆ ಹೇಳುತ್ತಿದ್ದರು. ಆ ಮಾತನ್ನು ನಾನು ಎಷ್ಟೋ ಸಭೆಗಳಲ್ಲಿ ಪುನರುಚ್ಚರಿಸಿದ್ದೇನೆ. ಆದರೆ ನನ್ನ ಮನೆಯ ಪಡಸಾಲೆಯಲ್ಲಿಯೇ ಅದನ್ನು ಮರೆತೆ. ಅದರ ಫಲವನ್ನು ಉಂಡವನು ನಾನಲ್ಲ. ನನ್ನ ತಮ್ಮನ ಮಗ ಮತ್ತು ಅವನ ಧರ್ಮಪತ್ನಿ. ಅವರಿಬ್ಬರ ಒಪ್ಪಿಗೆ ಪಡೆದು ಈ ಲೇಖನವನ್ನು ಬರೆಯುತ್ತಿದ್ದೇನೆ. ವಿಷಯ ಸಂಕೋಚದ್ದು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೆಲ್ಲ ಬೇಕೆ ಎಂದು ಕೆಲವು ಹಿರಿಯರು ಕೇಳಬಹುದು. ಮನೆಮಂದಿಯೆಲ್ಲ ಓದಬೇಕೆಂದೇ ಬರೆದಿದ್ದೇನೆ ಎಂಬುದು ಅವರಿಗೆ ನನ್ನ ವಿನಮ್ರ ಉತ್ತರ.

ನಾನು ಒಂಬತ್ತು ವರ್ಷದವನಿದ್ದಾಗ ತಂದೆಯವರು ನನ್ನನ್ನು ಮಠದ ಪಾಠಶಾಲೆಗೆ ಸೇರಿಸಿದರು. ಹನ್ನೊಂದು ವರ್ಷ ಅಲ್ಲಿಯ ಪ್ರಸಾದವನ್ನುಂಡು ಸಂಸ್ಕೃತ, ವ್ಯಾಕರಣ, ವಚನಶಾಸ್ತ್ರಗಳನ್ನು ಕಲಿತೆ. ವಿದ್ಯಾರ್ಥಿಗಳಿಗೆ ಬ್ರಹ್ಮಚರ್ಯದ ನಿಯಮ ಬಹಳ ಕಟ್ಟುನಿಟ್ಟಾಗಿತ್ತು. ಉಂಡ ಅನ್ನವು ರಸವಾಗಿ, ರಕ್ತವಾಗಿ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆಗಳಾಗಿ, ಕಡೆಗೆ ಏಳನೆಯ ಧಾತುವಾದ ಶುಕ್ರವಾಗುತ್ತದೆಂದು ನಮಗೆ ಕಲಿಸಿದ್ದರು. ನಾಲ್ವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯವೆಂಬ ಮಾತು ಹುಡುಗರ ಬಾಯಲ್ಲಿ ಓಡಾಡುತ್ತಿತ್ತು. ಓದುವ ವಯಸ್ಸಿನ ಮಕ್ಕಳಿಗೆ ಮನಸ್ಸಿನ ಸಂಯಮವನ್ನು ಕಲಿಸಿದ ಆ ಹಿರಿಯರನ್ನು ನಾನು ಇಂದಿಗೂ ನೆನೆಯುತ್ತೇನೆ. ವಿದ್ಯೆ ಮುಗಿದ ಮೇಲೆ ಗುರುಗಳ ಅಪ್ಪಣೆ ಪಡೆದು ಗೃಹಸ್ಥನಾದೆ, ಕಾಲೇಜಿನಲ್ಲಿ ಅಧ್ಯಾಪಕನಾದೆ. ಆದರೆ ವಿದ್ಯಾರ್ಥಿಗೆ ಹೇಳಿದ ನಿಯಮವನ್ನೇ ಗೃಹಸ್ಥನಿಗೂ ಹೇಳಬಹುದೆಂದು ಬಗೆದೆನಲ್ಲ, ಅಲ್ಲಿಯೇ ನಾನು ಎಡವಿದ್ದು.

2017ರ ಶ್ರಾವಣ ಮಾಸದ ಒಂದು ಸಂಜೆ ತಮ್ಮನ ಮಗ ನಮ್ಮ ಮನೆಗೆ ಬಂದನು. ಮದುವೆಯಾಗಿ ಐದು ವರ್ಷ ತುಂಬಿತ್ತು; ಮಕ್ಕಳಾಗಿರಲಿಲ್ಲ. ಅವನ ಹೆಂಡತಿ ಶಾಲೆಯ ಶಿಕ್ಷಕಿ. ಅವಳಿಗೆ ಅದಾಗಲೇ ಮೂರು ಊರುಗಳಲ್ಲಿ ತಪಾಸಣೆ ಮಾಡಿಸಿದ್ದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಆಗಿ, ಎಲ್ಲಿಯೂ ದೋಷ ಕಂಡಿರಲಿಲ್ಲ. ಅವನಿಗೆ ಮಾತ್ರ ಒಂದು ಪರೀಕ್ಷೆಯೂ ಆಗಿರಲಿಲ್ಲ. ಆಗಬೇಕೆಂದು ಮನೆಯಲ್ಲಿ ಒಬ್ಬರಿಗೂ ತೋಚಿರಲಿಲ್ಲ; ನನಗೂ ತೋಚಲಿಲ್ಲ. “ದೊಡ್ಡಪ್ಪಾ, ನೀವು ಓದಿದವರು, ಏನಾದರೂ ದಾರಿ ಹೇಳಿರಿ” ಎಂದು ತಲೆ ತಗ್ಗಿಸಿ ಕೇಳಿದನು.

ನಾನು ಹೇಳಿದೆ. ರಸವು ಶುಕ್ರವಾಗಲು ಒಂದು ತಿಂಗಳು ಬೇಕೆಂದು ಸುಶ್ರುತ ಸಂಹಿತೆಯಲ್ಲಿದೆ. ಅದನ್ನು ನೆನಪಿಗೆ ತಂದುಕೊಂಡು, “ಒಂದು ತಿಂಗಳು ವ್ರತಸ್ಥನಾಗಿರು, ಬೀಜ ಬಲಿಯಲಿ. ಹುಣ್ಣಿಮೆಯ ಆಸುಪಾಸಿನ ಒಳ್ಳೆಯ ದಿನ ನೋಡಿ ಹೇಳುತ್ತೇನೆ; ಅಂದು ಮಾತ್ರ ಕೂಡಿರಿ. ಫಲ ದೊರೆಯದಿದ್ದರೆ ಮತ್ತೆ ಒಂದು ತಿಂಗಳು” ಎಂದೆ. ದಿನ ವಾರ ನೋಡಬೇಡಿರಿ, ಶಿವಶರಣರಿಗೆ ಎಲ್ಲ ದಿನವೂ ಒಳ್ಳೆಯ ದಿನವೇ ಎಂದು ಊರೂರಿಗೆ ಪ್ರವಚನ ಹೇಳುವವನು ಅಂದು ಪಂಚಾಂಗವನ್ನು ತೆರೆದು ಕುಳಿತಿದ್ದನು. ಅವರು ನನ್ನ ಮಾತನ್ನು ಒಂದಕ್ಷರವೂ ಬಿಡದೆ ಪಾಲಿಸಿದರು. ಹದಿನೆಂಟು ತಿಂಗಳು ಪಾಲಿಸಿದರು.

2019ರ ಸಂಕ್ರಮಣ ಕಳೆದು ಕೆಲವು ದಿನಗಳಾಗಿದ್ದವು. ಆ ಸೊಸೆ ನಮ್ಮ ಮನೆಗೆ ಒಬ್ಬಳೇ ಬಂದಳು. ನನ್ನ ಮನೆಯವರೊಂದಿಗೆ ಅಡಿಗೆಮನೆಯಲ್ಲಿ ಬಹಳ ಹೊತ್ತು ಮಾತನಾಡಿ, ಅವರನ್ನು ಜೊತೆಗೆ ಕರೆದುಕೊಂಡು ಬಾಗಿಲ ಬಳಿ ಬಂದು ನಿಂತಳು. “ಮಾವನವರ, ಸಿಟ್ಟಾಗಬ್ಯಾಡ್ರಿ. ಇವರ ಪರೀಕ್ಷೆ ಆಗಬೇಕು, ಅದಕ್ಕ ಮೂರು ದಿನದ ಅಂತರ ಇರಲಿ ಅಂತ ಡಾಕ್ಟರು ಹೇಳ್ಯಾರ. ನೀವು ತಿಂಗಳು ಅಂತೀರಿ. ಯಾರ ಮಾತು ಖರೆ ಅಂತ ನನಗ ತಿಳಿವಲ್ದು. ಆದರ ನನ್ನ ವಯಸ್ಸು ಯಾರ ಮಾತೂ ಕೇಳಂಗಿಲ್ರಿ” ಎಂದಳು. ಅವಳಿಗೆ ಆಗ ಮೂವತ್ತೆರಡು ನಡೆಯುತ್ತಿತ್ತು. ನಾನು ಉತ್ತರ ಕೊಡಲಿಲ್ಲ. ರಾತ್ರಿ ನಿದ್ರೆಯೂ ಬರಲಿಲ್ಲ.

ಮುಂದಿನ ವಾರ ತಮ್ಮನ ಮಗನ ಜೊತೆಗೆ ನಾನೇ ಹುಬ್ಬಳ್ಳಿಗೆ ಹೋದೆ. ಅವನು ನನ್ನ ಮೇಲಿನ ನಂಬಿಕೆಯಿಂದ, ಪರೀಕ್ಷೆಗೆ ಶ್ರೇಷ್ಠವಾದುದನ್ನೇ ಕೊಡಬೇಕೆಂದು, ಇಪ್ಪತ್ತೆಂಟು ದಿನ ವ್ರತದಲ್ಲಿದ್ದು ಬಂದಿದ್ದನು. ಫಲಿತಾಂಶ ನೋಡಿದ ವೈದ್ಯರು ನಮ್ಮಿಬ್ಬರನ್ನೂ ಒಳಗೆ ಕರೆದರು. ವೀರ್ಯದ ಪ್ರಮಾಣ ಸಾಕಷ್ಟಿತ್ತು. ವೀರ್ಯಾಣುಗಳ ಸಂಖ್ಯೆಯೂ ಇತ್ತು. ಆದರೆ ನೂರರಲ್ಲಿ ಹದಿನಾಲ್ಕು ಮಾತ್ರ ಚಲಿಸುತ್ತಿದ್ದವು. “ಎಷ್ಟು ದಿನಗಳ ಅಂತರ?” ಎಂದು ವೈದ್ಯರು ಕೇಳಿದರು. ಅವನು ಉತ್ತರ ಹೇಳದೆ ನನ್ನ ಮುಖ ನೋಡಿದನು. ಆ ನೋಟವನ್ನು ನಾನು ಮರೆಯಲಾರೆ. ಎಲ್ಲವನ್ನೂ ನಾನೇ ಹೇಳಬೇಕಾಯಿತು. ವೈದ್ಯರು ನನ್ನನ್ನು ಜರೆಯಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ವಿದ್ಯಾರ್ಥಿಗೆ ತಿಳಿಸುವಂತೆ ತಿಳಿಸಿದರು. ಅವರಿಂದ ಅಂದು ಕೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ಓದುಗ ಬಂಧುಗಳ ಮುಂದೆ ಇಡುತ್ತೇನೆ.

ಮೊದಲನೆಯದಾಗಿ, ವೀರ್ಯ ಬೇರೆ, ವೀರ್ಯಾಣು ಬೇರೆ. ಕಣ್ಣಿಗೆ ಕಾಣುವ ದ್ರವದ ಬಹುಭಾಗವು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬಂದ ರಸ. ವೀರ್ಯಾಣುಗಳ ಪಾಲು ಅದರಲ್ಲಿ ಬಹಳ ಸ್ವಲ್ಪ. ಗರ್ಭವನ್ನು ಕಟ್ಟುವುದು ಆ ವೀರ್ಯಾಣು. 1677ರಲ್ಲಿ ಹಾಲೆಂಡಿನ ಲ್ಯೂವೆನ್‌ಹುಕ್ ಎಂಬಾತನು ತಾನೇ ಮಾಡಿದ ಮಸೂರದಲ್ಲಿ ಅದನ್ನು ಕಂಡನು. ಅದಕ್ಕಿಂತ ಹಿಂದಿನ ನಮ್ಮ ಆಚಾರ್ಯರು ದ್ರವವನ್ನು ಮಾತ್ರ ನೋಡಬಲ್ಲವರಾಗಿದ್ದರು. ದ್ರವ ಹೆಚ್ಚಾದರೆ ಬಲ ಹೆಚ್ಚೆಂದು ಭಾವಿಸಿದರೆ ಅದು ಅವರ ಕಾಲದ ಮಿತಿ. ಮಸೂರ ಬಂದು ಮುನ್ನೂರು ವರ್ಷಗಳಾದ ಮೇಲೂ ನಾನು ಹಾಗೆ ಭಾವಿಸಿದ್ದು ನನ್ನ ಮಿತಿ.

ಎರಡನೆಯದಾಗಿ, ವೀರ್ಯಾಣು ತಯಾರಾಗುವ ಕಾಲಕ್ಕೂ ನಾವು ಮಾಡುವ ವ್ರತಕ್ಕೂ ಸಂಬಂಧವಿಲ್ಲ. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಅಲ್ಲಿಂದ ಅದು ವೃಷಣಕ್ಕೆ ಅಂಟಿಕೊಂಡಿರುವ ಸುರುಳಿಗೊಳವೆಯಲ್ಲಿ ಕೆಲವು ದಿನ ಸಾಗುತ್ತ ಚಲಿಸುವ ಶಕ್ತಿಯನ್ನು ಪಡೆದು, ಅದರ ತುದಿಯಲ್ಲಿ ಕಾದಿರುತ್ತದೆ. ಗಂಡಸು ಸಂಯಮದಲ್ಲಿರಲಿ, ಇಲ್ಲದಿರಲಿ, ಈ ಕೆಲಸ ಹಗಲಿರುಳು ನಡೆದೇ ಇರುತ್ತದೆ; ಆರೋಗ್ಯವಂತನಲ್ಲಿ ದಿನವೂ ಕೋಟ್ಯಂತರ ಹೊಸ ವೀರ್ಯಾಣುಗಳು ಸಿದ್ಧವಾಗುತ್ತವೆ. ಸಿದ್ಧವಾಗಿ ಬಂದು ನಿಂತದ್ದು ಕಾಯುವುದರಿಂದ ಮತ್ತಷ್ಟು ಬಲಿಯುವುದಿಲ್ಲ, ಮುದಿಯಾಗುತ್ತದೆ. ಆಮ್ಲಜನಕದಿಂದ ಹುಟ್ಟುವ ಕೆಲವು ಉಗ್ರ ಕಣಗಳು ಅದರ ಹೊರಪೊರೆಯನ್ನೂ, ಒಳಗಿನ ಡಿಎನ್‌ಎ ಎಳೆಯನ್ನೂ ತುಂಡರಿಸತೊಡಗುತ್ತವೆ. ಬೇರೆ ಜೀವಕೋಶಗಳಿಗೆ ಇಂತಹ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿ ಉಂಟು. ಪೂರ್ಣ ಸಿದ್ಧವಾದ ವೀರ್ಯಾಣುವಿಗೆ ಆ ಶಕ್ತಿ ಬಹುಮಟ್ಟಿಗೆ ಉಳಿದಿರುವುದಿಲ್ಲ. ಆದುದರಿಂದ ಅಂತರ ಹೆಚ್ಚಿದಂತೆ ಪ್ರಮಾಣವೂ ಸಂಖ್ಯೆಯೂ ಏರುತ್ತವೆ. ಚಲನೆ ಇಳಿಯುತ್ತದೆ, ಸತ್ತವುಗಳ ಪಾಲು ಬೆಳೆಯುತ್ತದೆ, ಡಿಎನ್‌ಎ ಒಡಕು ಹೆಚ್ಚುತ್ತದೆ.

ಇದನ್ನು ಕೇಳುತ್ತಿದ್ದಂತೆ ನನಗೆ ನಮ್ಮ ತಂದೆಯವರ ನೆನಪಾಯಿತು. ನಮ್ಮ ಮನೆಯ ಮುಂದೆ ಹಗೇವು ಇತ್ತು. ವರ್ಷಾನುಗಟ್ಟಲೆ ಅದರಲ್ಲಿದ್ದ ಜೋಳವನ್ನು ಬರಗಾಲದಲ್ಲಿ ತೆಗೆದು ರೊಟ್ಟಿ ಮಾಡಿದ್ದುಂಟು. ಆದರೆ ಹಿಂಗಾರಿ ಬಿತ್ತನೆಗೆ ತಂದೆಯವರು ಎಂದೂ ಹಗೇವಿನ ಬಾಯಿ ತೆಗೆಯಲಿಲ್ಲ. ಹೋದ ಸುಗ್ಗಿಯ ಹೊಸ ತೆನೆಯನ್ನೇ ಆರಿಸಿ ಬೇರೆ ಇಟ್ಟಿರುತ್ತಿದ್ದರು. “ಹಗೇವಿನ ಜೋಳ ಹೊಟ್ಟೆಗೆ ಬಂದೀತು, ಕೂರಿಗೆಗೆ ಬಾರದು” ಎನ್ನುತ್ತಿದ್ದರು. ಅಕ್ಷರ ಬಾರದ ರೈತನಿಗೆ ತಿಳಿದಿದ್ದುದು ಹನ್ನೊಂದು ವರ್ಷ ಶಾಸ್ತ್ರ ಓದಿದ ಮಗನಿಗೆ ತಿಳಿದಿರಲಿಲ್ಲ.

ಮೂರನೆಯದಾಗಿ, ಪರೀಕ್ಷೆಗೆ ಬೇಕಾದ ಅಂತರ ಬೇರೆ, ಸಂತಾನಕ್ಕೆ ಬೇಕಾದ ಅಂತರ ಬೇರೆ. ಎಷ್ಟೋ ಜನ ವಿದ್ಯಾವಂತರೂ ಇಲ್ಲಿ ತಪ್ಪುವರು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೊರತಂದ ಕೈಪಿಡಿಯ ಆರನೆಯ ಆವೃತ್ತಿಯಲ್ಲಿಯೂ ವೀರ್ಯ ಪರೀಕ್ಷೆಗೆ ಎರಡಕ್ಕಿಂತ ಕಡಿಮೆಯಿಲ್ಲದ, ಏಳಕ್ಕಿಂತ ಹೆಚ್ಚಿಲ್ಲದ ದಿನಗಳ ಅಂತರವನ್ನು ಹೇಳಿದೆ. ಇದು ಅಳತೆಯ ನಿಯಮ. ಎಲ್ಲರನ್ನೂ ಒಂದೇ ಕೊಳಗದಿಂದ ಅಳೆದರೆ ಮಾತ್ರ ಹೋಲಿಕೆ ಸಾಧ್ಯ. ಅದೇ ಕೈಪಿಡಿಯ ಪ್ರಕಾರ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ ಲೀಟರ್. ಒಂದು ಮಿಲಿ ಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು. ಒಟ್ಟು 3 ಕೋಟಿ 90 ಲಕ್ಷ. ನೂರರಲ್ಲಿ 42 ಚಲಿಸುವಂಥವು. ಇದಕ್ಕಿಂತ ಕಡಿಮೆಯಾದರೆ ಮಕ್ಕಳಾಗುವುದೇ ಇಲ್ಲವೆಂದಲ್ಲ, ಹೆಚ್ಚಾದರೆ ಆಗಿಯೇ ತೀರುವುದೆಂದೂ ಅಲ್ಲ. ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಿಸಲೂ ಬಾರದು. ಎರಡನೆಯ ಸಲ ಕೊಡುವಾಗ ಮೊದಲಿನಷ್ಟೇ ದಿನಗಳ ಅಂತರವಿರಬೇಕು.

ಸಂತಾನದ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಇಸ್ರೇಲ್ ದೇಶದ ಬೀರ್‌ಶೆಬಾದ ವೈದ್ಯರು 9,489 ಮಾದರಿಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಸರಾದುದು. ಸಂಖ್ಯೆ ಕಡಿಮೆಯಿರುವ ಗಂಡಸರಲ್ಲಿ ಒಂದು ದಿನದ ಅಂತರದಲ್ಲಿಯೇ ಚಲನೆ ಅತ್ಯುತ್ತಮವಾಗಿದ್ದು, ದಿನಗಳು ಹೆಚ್ಚಿದಂತೆ ಅದು ಕುಗ್ಗಿದುದನ್ನು ಅವರು ಕಂಡರು. ಅಂದರೆ ಯಾರಿಗೆ ಕೊರತೆಯಿದೆಯೋ ಅವರೇ “ಕೂಡಿಡಬೇಕು” ಎಂದು ಹೆಚ್ಚು ದಿನ ಕಾಯುವರು, ಕಾಯುವುದರಿಂದ ಹೆಚ್ಚು ಕಳೆದುಕೊಳ್ಳುವವರೂ ಅವರೇ. ಈ ಕಾರಣದಿಂದ ಕೆಲವು ಚಿಕಿತ್ಸಾಲಯಗಳಲ್ಲಿ ವೀರ್ಯದ ಗುಣ ಕುಂದಿದವರಿಗೆ ಒಂದು ದಿನದ, ಕೆಲವೊಮ್ಮೆ ಕೆಲವೇ ಗಂಟೆಗಳ ಅಂತರದ ಮಾದರಿಯನ್ನು ಕೊಡಲು ಹೇಳುವರು. ಹಾಗೆಂದು ಅಂತರ ಕಡಿಮೆಯಾದಷ್ಟೂ ಎಲ್ಲರಿಗೂ ಒಳ್ಳೆಯದೆಂದು ತಿಳಿಯಬಾರದು. ಪ್ರಮಾಣವೂ ಒಟ್ಟು ಸಂಖ್ಯೆಯೂ ಆಗ ಇಳಿಯುತ್ತವೆ. ಎಷ್ಟು ದಿನವೆಂಬುದನ್ನು ವರದಿ ನೋಡಿದ ವೈದ್ಯರೇ ಹೇಳಬೇಕು, ದೊಡ್ಡಪ್ಪನಲ್ಲ.

ನನ್ನ ತಪ್ಪಿನ ಇನ್ನೊಂದು ಮುಖವು ಆಮೇಲೆ ತಿಳಿಯಿತು. ಹೆಣ್ಣಿನ ಅಂಡಾಣು ಬಿಡುಗಡೆಯಾದ ಮೇಲೆ ಒಂದು ದಿನದೊಳಗೆ ನಿಸ್ಸತ್ವವಾಗುತ್ತದೆ. ವೀರ್ಯಾಣುಗಳು ಗರ್ಭಮಾರ್ಗದಲ್ಲಿ ಹೆಚ್ಚೆಂದರೆ ಐದು ದಿನ ಜೀವದಿಂದಿರುತ್ತವೆ. ಅಮೆರಿಕದ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರನ್ನು ಅಭ್ಯಸಿಸಿ 1995ರಲ್ಲಿ ಪ್ರಕಟಿಸಿದ ಪ್ರಕಾರ, ಅಂಡಾಣು ಬಿಡುಗಡೆಯ ದಿನವನ್ನೂ ಒಳಗೊಂಡು ಅದರ ಹಿಂದಿನ ಆರು ದಿನಗಳ ಅವಧಿಯಲ್ಲಿ ಮಾತ್ರ ಗರ್ಭ ನಿಂತದ್ದು ಕಂಡುಬಂದಿತು. ಅಂಡಾಣು ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮೊದಲು. ನನ್ನ ಪಂಚಾಂಗವು ಚಂದ್ರನ ತಿಥಿಯನ್ನು ಬಲ್ಲದು. ಆ ಹೆಣ್ಣುಮಗಳ ದೇಹದ ತಿಥಿಯನ್ನು ಅದು ಬಲ್ಲುದೆ? ಹದಿನೆಂಟು ತಿಂಗಳಲ್ಲಿ ಅವರಿಗೆ ಒದಗಿದ್ದ ಆರಾರು ದಿನಗಳ ಅವಕಾಶಗಳನ್ನು ಹೆಚ್ಚುಪಾಲು ನಾನು ವ್ರತದ ಹೆಸರಿನಲ್ಲಿ ಕಸಿದುಕೊಂಡಿದ್ದೆ. ಉಳಿದ ಒಂದೊಂದು ದಿನಕ್ಕೂ ಹಗೇವಿನ ಜೋಳವನ್ನು ಕೊಟ್ಟು ಕಳಿಸಿದ್ದೆ.

ಮನೆಗೆ ಬಂದು ನನ್ನ ಗ್ರಂಥಗಳನ್ನೇ ಮತ್ತೊಮ್ಮೆ ತೆರೆದೆ. ಸುಶ್ರುತನು ಹೇಳಿದ್ದು ರಸವು ಶುಕ್ರವಾಗುವ ಅವಧಿಯನ್ನು; ಶುಕ್ರವನ್ನು ತಿಂಗಳುಗಟ್ಟಲೆ ಹಿಡಿದಿಡಬೇಕೆಂದಲ್ಲ. ಇನ್ನು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವಂತೂ ತಡೆಯಬಾರದ ಹದಿಮೂರು ವೇಗಗಳನ್ನು ಎಣಿಸುವಾಗ ಮೂತ್ರ, ಮಲಗಳ ಜೊತೆಯಲ್ಲಿಯೇ ಶುಕ್ರವೇಗವನ್ನೂ ಎಣಿಸಿದೆ. ಆ ಅಧ್ಯಾಯವನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನೇ. ನಮಗೆ ಬೇಕಾದ ಒಂದು ವಾಕ್ಯವನ್ನು ಎತ್ತಿಕೊಂಡು ಬೇಡವಾದುದನ್ನು ಮುಚ್ಚಿಟ್ಟರೆ ಅದು ಶಾಸ್ತ್ರದ ದೋಷವಾಗಲಾರದು, ಪಂಡಿತನ ದೋಷ.

ವೈದ್ಯರು ಮೂರು ದಿನಗಳ ಅಂತರದಲ್ಲಿ ಎರಡು ಸಲ ಮರುಪರೀಕ್ಷೆ ಮಾಡಿಸಿದರು. ಚಲನೆ ಇಪ್ಪತ್ತಾರಕ್ಕೆ ಏರಿತು, ಸಂಖ್ಯೆ ಮಿತಿಗಿಂತ ಕೆಳಗಿಳಿಯಿತು. ನಿಜಸ್ಥಿತಿ ಅದೇ ಆಗಿತ್ತು. ತಿಂಗಳ ಸಂಗ್ರಹವು ಅದನ್ನು ಮರೆಮಾಡಿತ್ತು. ದೇಹಪರೀಕ್ಷೆಯಲ್ಲಿ ವೃಷಣದ ರಕ್ತನಾಳಗಳು ಊದಿಕೊಂಡಿರುವ ವೆರಿಕೋಸೀಲ್ ಎಂಬ ತೊಂದರೆ ಕಂಡುಬಂದಿತು. ನೂರು ಗಂಡಸರಲ್ಲಿ ಸುಮಾರು ಹದಿನೈದು ಮಂದಿಗೆ ಇದು ಇರುತ್ತದೆ. ಮಕ್ಕಳಾಗದ ಗಂಡಸರಲ್ಲಿ ಇದರ ಪಾಲು ಇನ್ನೂ ಹೆಚ್ಚು. ಚಿಕ್ಕ ಶಸ್ತ್ರಚಿಕಿತ್ಸೆಯಾಯಿತು. ತಂಬಾಕು ಬಿಡಿಸಿದರು. ಹೊಸ ವೀರ್ಯಾಣು ಸಿದ್ಧವಾಗಲು 74 ದಿನಗಳು ಬೇಕಾದುದರಿಂದ ಮೂರು ತಿಂಗಳು ಕಾಯಲು ಹೇಳಿದರು. ಈ ಕಾಯುವಿಕೆಗೆ ಅರ್ಥವಿತ್ತು.

ಆ ನಡುವೆ ನಡೆದ ಒಂದು ಘಟನೆಯನ್ನು ಹೇಳಲೇಬೇಕು. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ನಮ್ಮ ಸೊಸೆ ತೊಟ್ಟಿಲ ಹತ್ತಿರ ಬಂದಾಗ ಹಿರಿಯ ಹೆಣ್ಣುಮಗಳೊಬ್ಬರು ಅವಳನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು. ಏಳು ವರ್ಷ ಅವಳು ಹಾಗೆ ಹಿಂದೆ ಸರಿಯುತ್ತಲೇ ಬಂದಿದ್ದಳು. ಅಂದು ಅವಳ ಗಂಡ ಎದ್ದು ನಿಂತು, “ಆಕೀದೇನೂ ತಪ್ಪಿಲ್ಲ. ಕೊರತಿ ನನ್ನಲ್ಲೈತಿ, ಪರೀಕ್ಷಾ ಮಾಡಿಸೀನಿ” ಎಂದು ನೆರೆದ ಜನರ ಮುಂದೆ ಹೇಳಿದನು. ಮನೆ ಒಂದು ಗಳಿಗೆ ಸ್ತಬ್ಧವಾಯಿತು. ಆಮೇಲೆ ಕೂಸಿನ ಅಜ್ಜಿಯೇ ನಮ್ಮ ಸೊಸೆಯ ಕೈಹಿಡಿದು ಕರೆದು ತೊಟ್ಟಿಲ ಹಗ್ಗವನ್ನು ಅವಳ ಕೈಗಿತ್ತರು. ಅವನು ಅಂದು ಆಡಿದ ಮಾತಿಗೆ ನನ್ನ ಯಾವ ಪ್ರವಚನವೂ ಸಮನಾಗದು.

ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹೆಣ್ಣಿನ ಪರೀಕ್ಷೆಗಳು ನೋವಿನವು, ಖರ್ಚಿನವು. ಗಂಡಸಿನ ಮೊದಲ ಪರೀಕ್ಷೆ ನೋವಿಲ್ಲದ್ದು, ಅಗ್ಗದ್ದು. ಆದರೂ ನಮ್ಮ ಮನೆಗಳಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಅವಳೇ. ದಾಂಪತ್ಯವನ್ನು ಸಮಪಾಲಿನ ಸಾಧನೆಯೆಂದು ಬಗೆದ ಶರಣರ ಹೆಸರು ಹೇಳುವ ಸಮಾಜಕ್ಕೆ ಇದು ಶೋಭೆಯಲ್ಲ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬನ್ನಿರೆಂದು ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ಕೂಡಿಡುವುದೆಲ್ಲ ಸಂಪತ್ತಲ್ಲವೆಂದು ಅಂದು ಗಂಡನಿಗೆ ಹೆಂಡತಿ ತಿಳಿಸಿದರು. ನಮ್ಮ ಮನೆಯಲ್ಲಿ ಸೊಸೆಯೊಬ್ಬಳು ಮಾವನಿಗೆ ತಿಳಿಸಿದಳು.

ಆದುದರಿಂದ ತರುಣ ದಂಪತಿಗಳಲ್ಲಿಯೂ ಅವರ ಹಿರಿಯರಲ್ಲಿಯೂ ನನ್ನ ಬಿನ್ನಹವಿಷ್ಟೆ. ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಲ್ಲಿ, ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಿರಿ. ಪರೀಕ್ಷೆಗೆ ಎರಡರಿಂದ ಏಳು ದಿನಗಳ ಅಂತರವಿರಲಿ. ಎಷ್ಟು ದಿನವಾಯಿತೆಂದು ಕೇಳಿದರೆ ನಾಚದೆ ನಿಜ ಹೇಳಿರಿ. ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿದ್ದರೆ ಅದನ್ನೂ ಹೇಳಿರಿ. ಸಂತಾನವನ್ನು ಬಯಸುವ ದಿನಗಳಲ್ಲಿ ಕೂಡಿಡುವ ವ್ರತ ಬೇಡ. ಅನುಕೂಲದ ಆ ಆರು ದಿನಗಳಲ್ಲಿ ದಿನವೂ ಅಥವಾ ದಿನ ಬಿಟ್ಟು ದಿನ ದಂಪತಿಗಳು ಕೂಡಿದರೆ ಸಾಕು. ಆರೋಗ್ಯವಂತನಿಗೆ ಇದರಿಂದ ಬಲಹಾನಿಯಾಗದು. ಸಂಯಮವನ್ನು ಸಾಧನೆಗಾಗಿ ಆರಿಸಿಕೊಂಡವರಿಗೆ ಅದು ಭೂಷಣ. ಮಗುವಿಗಾಗಿ ಹಂಬಲಿಸುವವರಿಗೆ ಅದನ್ನೇ ಔಷಧಿಯೆಂದು ಕೊಡುವುದು ಅಪಚಾರ.

2021ರ ಮೊದಲಲ್ಲಿ ಐಯುಐ ಎಂಬ ಚಿಕಿತ್ಸೆ ಎರಡನೆಯ ಸಲಕ್ಕೆ ಫಲಿಸಿತು. ಅದೇ ವರ್ಷದ ಕಡೆಯಲ್ಲಿ ಹೆಣ್ಣುಮಗು ಹುಟ್ಟಿತು. ಇದರಲ್ಲಿ ಶಸ್ತ್ರಚಿಕಿತ್ಸೆಯ ಪಾಲೆಷ್ಟು, ಅಂತರ ಬದಲಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ನಾಮಕರಣಕ್ಕೆ ಹೆಸರು ಆರಿಸಿರೆಂದು ಮಗುವಿನ ತಾಯಿ ನನಗೆ ಹೇಳಿ ಕಳಿಸಿದಳು. ನಾನು ನನ್ನ ಮನೆಯವರನ್ನು ಕಳಿಸಿ, “ಹೆಸರು ನೀನೇ ಆರಿಸು ತಾಯಿ, ನಾನು ಬಂದು ಹರಸುತ್ತೇನೆ” ಎಂದು ಹೇಳಿಸಿದೆ. ಅವಳ ಬಾಳಿನ ಹದಿನೆಂಟು ತಿಂಗಳುಗಳನ್ನು ಒಮ್ಮೆ ನಾನು ನಿರ್ಧರಿಸಿದ್ದೆ, ಅಷ್ಟು ಸಾಕು.

ಎಲ್ಲರ ಮನೆಯ ತೊಟ್ಟಿಲೂ ತೂಗಲಿ. ತೊಟ್ಟಿಲು ತೂಗದ ಮನೆಯಲ್ಲಿಯೂ ಯಾವ ಹೆಣ್ಣುಮಗಳೂ ಹಿಂದೆ ಸರಿಯದಿರಲಿ. ಶರಣು ಶರಣಾರ್ಥಿ.